ಕಪ್ಪತಗುಡ್ಡದ ರಸ್ತೆಗಳು ಮತ್ತು ಶ್ರಾವಕರ ಹೊಣೆ

ಕಪ್ಪತಗುಡ್ಡ ಉಳಿಯಿತೆಂದು ಗದಗ ಸೀಮೆಯ ಜನ ನೆಮ್ಮದಿಯಿಂದಿದ್ದಾರೆ. 2015ರಲ್ಲಿ ಅದು ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2016ರಲ್ಲಿ ಸರ್ಕಾರ ಆ ಆದೇಶವನ್ನು ಹಿಂತೆಗೆದುಕೊಂಡಿತು. ಗದಗಿನ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮಿಗಳ ಮುಂದಾಳ್ತನದಲ್ಲಿ ಜನ ಬೀದಿಗಿಳಿದ ಮೇಲೆ 2017ರಲ್ಲಿ ಅದು ಮರಳಿ ದೊರೆಯಿತು. 2019ರಲ್ಲಿ ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳ 244 ಚದರ ಕಿಲೋಮೀಟರು ವನ್ಯಜೀವಿಧಾಮವಾಯಿತು. ಹೆಮ್ಮೆಪಡತಕ್ಕ ಸಂಗತಿಯೇ ಸರಿ. ಆದರೆ ಅಧಿಸೂಚನೆಯು ನಾಳೆ ಆಗಬಹುದಾದ ಹಾನಿಯನ್ನು ತಡೆಯಬಲ್ಲುದೇ ಹೊರತು ಆಗಿಹೋದುದನ್ನು ಸರಿಪಡಿಸಲಾರದು. ಗುಡ್ಡದ ಬೆನ್ನಿನುದ್ದಕ್ಕೂ ಕೊರೆದ ರಸ್ತೆಗಳು ಹಾಗೆಯೇ ಇವೆ.

ಗಾಳಿಯಂತ್ರದ ರೆಕ್ಕೆ ಬಲು ಉದ್ದವಾದುದು. ಅದನ್ನು ಹೊತ್ತ ವಾಹನ ತಿರುಗಬೇಕಾದರೆ ಗುಡ್ಡದ ಪಕ್ಕೆಯನ್ನು ಅಗಲವಾಗಿ ಕಡಿಯಲೇಬೇಕು. ಕಡಿದಲ್ಲಿ ಮಣ್ಣು ಗಟ್ಟಿಯಾಗುತ್ತದೆ, ಹುಲ್ಲು ಹುಟ್ಟುವುದಿಲ್ಲ, ಮಳೆಯ ನೀರು ಅಲ್ಲಿಯೇ ಕೂಡಿ ಹರಿದು ಕೊರಕಲಾಗುತ್ತದೆ. ಯಂತ್ರ ನಿಲ್ಲಿಸಿದವರ ಕೆಲಸ ಮುಗಿದರೂ ರಸ್ತೆಯ ಕೆಲಸ ಮುಗಿಯುವುದಿಲ್ಲ. ಮೊದಲು ಕಾಲುನಡಿಗೆಯಲ್ಲಿ ಅರ್ಧ ದಿನ ಹಿಡಿಯುತ್ತಿದ್ದ ಜಾಗಕ್ಕೆ ಉರುಲು ಹಾಕುವವನೂ ಮರ ಕಡಿಯುವವನೂ ಮೋಟಾರ್ ಸೈಕಲ್ಲಿನ ಮೇಲೆ ತಲುಪಬಲ್ಲನು. ಬೇಸಿಗೆಯಲ್ಲಿ ಒಣಗಿದ ಹುಲ್ಲಿಗೆ ಒಂದು ಬೀಡಿಯ ಕಿಡಿ ಸಾಕು. ನಾಲ್ಕು ಕೊಂಬಿನ ಕೊಂಡಕುರಿ ಪೊದೆಯ ಮರೆಯನ್ನೇ ನಂಬಿ ಬದುಕುವ ನಾಚಿಕೆಯ ಪ್ರಾಣಿ; ಮರೆ ಹೋದರೆ ಅದಕ್ಕೆ ನೆಲೆಯೇ ಹೋದಂತೆ.

ಕಾಡಿನೊಳಗೆ ಹಾಕಿದ ದಾರಿ ಹೇಗೆ ಕೊಲ್ಲುತ್ತದೆಂಬುದನ್ನು ಕೆನಡಾ ದೇಶ ದುಬಾರಿ ಬೆಲೆ ತೆತ್ತು ಕಲಿತಿದೆ. ಅಲ್ಲಿಯ ಉತ್ತರದ ಕಾಡುಗಳಲ್ಲಿ ಕ್ಯಾರಿಬೂ ಎಂಬ ಹಿಮಸಾರಂಗವುಂಟು. ಮರ, ಎಣ್ಣೆ, ಅನಿಲಗಳಿಗಾಗಿ ಆ ಕಾಡನ್ನು ಸೀಳಿ ಲೆಕ್ಕವಿಲ್ಲದಷ್ಟು ದಾರಿಗಳನ್ನು ಮಾಡಲಾಯಿತು. ದಟ್ಟ ಕಾಡಿನಲ್ಲಿ ತಡವರಿಸಿ ನಡೆಯುತ್ತಿದ್ದ ತೋಳಗಳು ಈ ನೇರ ದಾರಿಗಳಲ್ಲಿ ಎರಡು ಮೂರು ಪಟ್ಟು ವೇಗವಾಗಿ ಸಂಚರಿಸುತ್ತವೆಂದು ಸಂಶೋಧಕರು ಕಂಡುಕೊಂಡರು. 2012ರಲ್ಲಿ ಅಲ್ಲಿಯ ಸರ್ಕಾರ ಸಿದ್ಧಪಡಿಸಿದ ಯೋಜನೆಯಲ್ಲಿ ದಾರಿಯ ಎರಡೂ ಬದಿಗೆ 500 ಮೀಟರುಗಳಷ್ಟು ಕಾಡು ಕೆಟ್ಟಿತೆಂದೇ ಎಣಿಕೆ.

ದಾರಿ ಮಾಡಿದವನು ಮನುಷ್ಯ. ದಂಡನೆ ಮಾತ್ರ ತೋಳಕ್ಕೆ. ಆಲ್ಬರ್ಟಾದಲ್ಲಿ 2005ರಿಂದ, ಬ್ರಿಟಿಷ್ ಕೊಲಂಬಿಯಾದಲ್ಲಿ 2015ರಿಂದ ಹೆಲಿಕಾಪ್ಟರಿನಿಂದ ಗುಂಡಿಟ್ಟು ತೋಳಗಳನ್ನು ನೂರಾರು ಸಂಖ್ಯೆಯಲ್ಲಿ ಕೊಂದರು. ಇದರಿಂದ ಕೆಲವೆಡೆ ಕ್ಯಾರಿಬೂಗಳ ಸಂಖ್ಯೆ ಏರಿತೆಂಬುದು ಸುಳ್ಳಲ್ಲ. ಆದರೆ ದಾರಿ ತೆರೆದಿರುವವರೆಗೆ ಗುಂಡು ಹಾರಿಸುವುದನ್ನು ನಿಲ್ಲಿಸುವಂತಿಲ್ಲ. ಒಂದು ಜೀವದ ದಯೆಗೆ ಇನ್ನೊಂದು ಜೀವದ ವಧೆಯನ್ನು ವರ್ಷವರ್ಷವೂ ಬೆಲೆಯಾಗಿ ತೆರುವ ಈ ಕ್ರಮವನ್ನು ದಯೆಯೆಂದು ಯಾವ ಶಾಸ್ತ್ರದಿಂದ ಒಪ್ಪುವುದು? ಇದಕ್ಕೆ ನಿಜವಾದ ಉತ್ತರ ದಾರಿಯನ್ನೇ ಅಳಿಸುವುದು: ಗಟ್ಟಿಯಾದ ಮಣ್ಣನ್ನು ಯಂತ್ರದಿಂದ ಸಡಿಲಿಸಿ, ದಿಬ್ಬಗಳನ್ನೆಬ್ಬಿಸಿ, ಸಸಿ ನೆಟ್ಟು, ಉರುಳಿದ ಮರಗಳನ್ನು ಅಡ್ಡ ಹಾಕುವುದು. ಈ ಕೆಲಸವೂ ಅಲ್ಲಿ ನಡೆದಿದೆ. ಗುಂಡಿಗಿಂತ ನಿಧಾನ, ಗುಂಡಿಗಿಂತ ಖರ್ಚಿನದು.

ಜೈನ ಗೃಹಸ್ಥನಿಗೆ ಇದು ಹೊಸ ಪಾಠವಲ್ಲ. ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡದ ಬಗೆಗಳನ್ನು ಹೇಳುವಾಗ ಕೊಡಲಿ, ಗುದ್ದಲಿ, ಬೆಂಕಿಗಳಂಥ ಕೊಲ್ಲುವ ಸಾಧನಗಳನ್ನು ಪರರ ಕೈಗೆ ಕೊಡುವುದನ್ನು ಹಿಂಸಾದಾನವೆಂದು ಎಣಿಸುತ್ತದೆ. ನಿಷ್ಪ್ರಯೋಜಕವಾಗಿ ನೆಲ ಅಗೆಯುವುದು, ಗಿಡ ಕಡಿಯುವುದು, ತಾನು ಅಲೆಯುವುದು, ಪರರನ್ನು ಅಲೆಸುವುದು ಇವು ಪ್ರಮಾದಚರ್ಯೆಯಲ್ಲಿ ಬರುತ್ತವೆ. ಕೆಲಸ ತೀರಿದ ಮೇಲೂ ತೆರೆದೇ ಇರುವ ಗುಡ್ಡದ ರಸ್ತೆಯಲ್ಲಿ ಈ ಎರಡೂ ಒಟ್ಟಿಗೆ ಸೇರಿವೆ. ಕೊಡಲಿಯನ್ನಾದರೂ ಹಿಂದಕ್ಕೆ ಕೇಳಿ ಪಡೆಯಬಹುದು.

ಹಾಗಿದ್ದೂ ಗೋಶಾಲೆಗೆ ಧಾರಾಳವಾಗಿ ಕೊಡುವ, ಪರ್ಯುಷಣದ ದಿನಗಳಲ್ಲಿ ಕಸಾಯಿಖಾನೆ ಮುಚ್ಚಿಸಲು ಮನವಿ ಹಿಡಿದು ಓಡಾಡುವ ಟ್ರಸ್ಟುಗಳು ಗುಡ್ಡದ ವಿಷಯದಲ್ಲಿ ಮೌನವಾಗಿವೆ. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಮುಚ್ಚಿದ ರಸ್ತೆಯ ಮೇಲೆ ದಾನಿಗಳ ಹೆಸರಿನ ಕಲ್ಲು ನಿಲ್ಲಿಸಲು ಸ್ಥಳವಿರುವುದಿಲ್ಲ! ಅದೂ ಅಲ್ಲದೆ ಬೆಟ್ಟದ ಮೇಲೊಂದು ಬಸದಿಯಿದ್ದರೆ ಅದರ ಬಾಗಿಲಿನವರೆಗೂ ಕಾರು ಹೋಗಬೇಕೆಂಬ ಆಸೆ ಈಗೀಗ ಭಕ್ತಿಯ ಲಕ್ಷಣವೇ ಆಗಿದೆ. ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಜನ ಇಂದಿಗೂ ಬರಿಗಾಲಲ್ಲಿ ಮೆಟ್ಟಿಲು ಹತ್ತಿಯೇ ಏರುತ್ತಾರೆ, ಆಗದವರು ಡೋಲಿಯಲ್ಲಿ. 2018ರ ಮಹಾಮಸ್ತಕಾಭಿಷೇಕಕ್ಕೆ ಲಕ್ಷಾಂತರ ಜನ ಬಂದಾಗಲೂ ಬಾಹುಬಲಿಯ ಪಾದದವರೆಗೆ ಮೋಟಾರು ಹೋಗಲಿಲ್ಲ. ಯಾರ ಪುಣ್ಯವೂ ಕಡಿಮೆಯಾಗಲಿಲ್ಲ.

ಕುರಿಗಾರರು, ಗಿಡಮೂಲಿಕೆ ಬಲ್ಲವರು, ಕಪ್ಪತಮಲ್ಲಯ್ಯನ ಭಕ್ತರು ಏನು ಮಾಡಬೇಕೆಂದು ಕೇಳುವವರಿದ್ದಾರೆ. ಅವರ ಕಾಲುದಾರಿಗಳ ಮಾತು ಇಲ್ಲಿಲ್ಲ. ಅವು ಗುಡ್ಡದಷ್ಟೇ ಹಳೆಯವು. ನಡೆಯುತ್ತಿರುವ ಯಂತ್ರಗಳ ರಿಪೇರಿಗೆ ಬೇಕಾದ ರಸ್ತೆಯೂ ಸದ್ಯಕ್ಕೆ ಇರಲಿ, ಆದರೆ ರಾತ್ರಿ ಅದಕ್ಕೆ ಅಗಳಿ ಬೀಳಲಿ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಂತಿದೆ. ಕೇರಳದಿಂದ ಎಷ್ಟು ಒತ್ತಡ ಬಂದರೂ, ವ್ಯಾಪಾರ ಕೆಟ್ಟೀತೆಂಬ ಕೂಗೆದ್ದರೂ, 2010ರಲ್ಲಿ ಉಚ್ಚ ನ್ಯಾಯಾಲಯ ಆ ನಿರ್ಬಂಧವನ್ನು ಎತ್ತಿಹಿಡಿಯಿತು. ರಾಷ್ಟ್ರೀಯ ಹೆದ್ದಾರಿಗೆ ಸಾಧ್ಯವಾದುದು ಗುಡ್ಡದ ಕಚ್ಚಾರಸ್ತೆಗೆ ಏಕಾಗದು?

ಕುರ್ತಕೋಟಿಯಿಂದ ಮುಂಡರಗಿಯವರೆಗಿನ ಶ್ರಾವಕ ಕುಟುಂಬಗಳೂ ಲಕ್ಷ್ಮೇಶ್ವರ, ಗದಗಿನ ಟ್ರಸ್ಟುಗಳೂ ಕೂಡಿ ಅರಣ್ಯ ಇಲಾಖೆಯ ಮುಂದೆ ಇಡಬೇಕಾದ ಬೇಡಿಕೆ ಸರಳವಾದುದು. ಯಾರಿಗೂ ಬೇಡವಾಗಿ ಬಿದ್ದಿರುವ ರಸ್ತೆಗಳನ್ನು ಗುರುತಿಸಿ, ಬಾಯಿಗೆ ಕಂದಕ ತೋಡಿ, ಮಣ್ಣು ಸಡಿಲಿಸಿ, ನೀರು ಓಡದಂತೆ ಅಡ್ಡ ಒಡ್ಡು ಹಾಕಿ, ಅಲ್ಲಿಯದೇ ಹುಲ್ಲಿನ ಬೀಜ ಚೆಲ್ಲಿಸಬೇಕು, ನೀಲಗಿರಿಯನ್ನಲ್ಲ. ವೆಚ್ಚದ ಒಂದು ಪಾಲನ್ನು ಜೀವದಯಾ ನಿಧಿಯಿಂದ ಕೊಡುವುದಾಗಿ ಮನವಿಯಲ್ಲಿಯೇ ಬರೆಯಬೇಕು. ಮುಂಗಾರಿನ ಮೊದಲ ಮಳೆಗೆ ಮುನ್ನ ಮಣ್ಣಿನ ಕೆಲಸ ಮುಗಿದಿರಬೇಕಾದುದರಿಂದ, ಮನವಿ ಮಹಾವೀರ ಜಯಂತಿಗೆ ಸಾಕಷ್ಟು ಮೊದಲೇ ಗದಗಿನ ಅರಣ್ಯ ಕಚೇರಿಯನ್ನು ಮುಟ್ಟಬೇಕು.