ಬೇಲಿ ಮತ್ತು ಹೊಸ್ತಿಲು

ಸಿಂಗಪುರದ ಹಾಂಗ್ ಲಿಮ್ ಉದ್ಯಾನದಲ್ಲಿ 2009ರಲ್ಲಿ ಆರಂಭವಾದ ಲೈಂಗಿಕ ಅಲ್ಪಸಂಖ್ಯಾತರ ‘ಪಿಂಕ್ ಡಾಟ್’ ಸಮಾವೇಶಕ್ಕೆ 2017ರಿಂದ ಪೌರರಿಗೂ ಕಾಯಂ ನಿವಾಸಿಗಳಿಗೂ ಮಾತ್ರ ಪ್ರವೇಶ. ದೇಶದ ಆಂತರಿಕ ವಿಚಾರದಲ್ಲಿ ವಿದೇಶಿಯರು ಕೈಹಾಕಬಾರದೆಂಬುದು ಸರ್ಕಾರದ ವಾದ. ಹೀಗಾಗಿ ಪ್ರವಾಸಿಗರಷ್ಟೇ ಅಲ್ಲ, ಉದ್ಯೋಗ ಪರವಾನಗಿಯ ಮೇಲೆ ಅಲ್ಲಿ ವರ್ಷಗಟ್ಟಲೆ ದುಡಿಯುವ ಕನ್ನಡಿಗರೂ ಬೇಲಿಯಾಚೆಯೇ ಉಳಿಯುತ್ತಾರೆ. ದುಡಿಮೆ ಬೇಕು, ದನಿ ಬೇಡ ಎನ್ನುವ ಈ ನೀತಿ ಖಂಡನೀಯ.

ಆದರೆ ಬೇಲಿ ಅದೊಂದೇ ಅಲ್ಲ. ಸಲಿಂಗ ಪ್ರೇಮಕ್ಕೆ ಬ್ರಿಟಿಷರ ಕಾನೂನು ಅಂಟಿಸಿದ್ದ ಅಪರಾಧದ ಹಣೆಪಟ್ಟಿಯನ್ನು ಭಾರತದ ಸುಪ್ರೀಂ ಕೋರ್ಟ್ 2018ರಲ್ಲಿ, ಸಿಂಗಪುರದ ಸಂಸತ್ತು 2022ರಲ್ಲಿ ಕಳಚಿದವು. ಮಗಳು ತನ್ನ ಬಾಳಸಂಗಾತಿಯಾದ ಗೆಳತಿಯನ್ನು ಯುಗಾದಿಯ ಊಟಕ್ಕೆ ಕರೆತರಲು ಇಂದು ಕಾನೂನಿನ ಅಡ್ಡಿಯಿಲ್ಲ. ಅಡ್ಡ ನಿಂತಿರುವುದು ಹೆತ್ತವರ ಮೌನ. ಉದ್ಯಾನದ ಬೇಲಿಯನ್ನು ಪ್ರಶ್ನಿಸುವವರು ತಮ್ಮ ಮನೆಯ ಹೊಸ್ತಿಲನ್ನೂ ಪ್ರಶ್ನಿಸಬೇಕು.