ಧೈರ್ಯ ಹೇಳಿದರೆ ಸಾಲದು, ಕಲಿಸಬೇಕು

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ನನ್ನ ಹಳೆಯ ವಿದ್ಯಾರ್ಥಿಗಳಿಗೂ ಬಂಧುಗಳಿಗೂ ಈ ಮಾತು.

ಏಕಾಏಕಿ ಎದೆ ಡವಗುಟ್ಟುತ್ತದೆ, ಉಸಿರು ಸಿಕ್ಕಿಕೊಳ್ಳುತ್ತದೆ, ‘ಇನ್ನು ಉಳಿಯಲಾರೆ’ ಎನಿಸುತ್ತದೆ. ಇ.ಸಿ.ಜಿ. ಸರಿಯಿದೆಯೆಂದು ವೈದ್ಯರು ಹೇಳಿದರೂ ಮತ್ತೆ ಬರುತ್ತದೆ. ಬಂದೀತೆಂಬ ಭಯವೇ ಬದುಕನ್ನು ಕಟ್ಟಿಹಾಕುತ್ತದೆ. ಇದು ಪ್ಯಾನಿಕ್ ಡಿಸಾರ್ಡರ್. ಗಾಬರಿ ರೋಗ ಎನ್ನೋಣ. ನಮ್ಮ ಕಡೆ ಇದಕ್ಕೆ ಇಂದಿಗೂ ಮೂರು ಮದ್ದು: ಒಂದು ಬಾಟಲಿ ಸಲಾಯಿನ್, ಒಂದು ತಾಯತ, ‘ಮನಸ್ಸು ಗಟ್ಟಿ ಮಾಡಿಕೋ’ ಎಂಬ ಉಪದೇಶ. ಮೂರನ್ನೂ ನಾನು ವಿರೋಧಿಸುತ್ತೇನೆ.

ಸಲಾಯಿನ್ ಹಚ್ಚಿದಾಗ ಗಾಬರಿ ಇಳಿಯುವುದು ನಿಜ. ಆದರೆ ಗಾಬರಿಯ ಅಲೆ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ, ಆಮೇಲೆ ತಾನಾಗಿಯೇ ಇಳಿಯುತ್ತದೆ. ಕೀರ್ತಿ ಮಾತ್ರ ಬಾಟಲಿಗೆ! ‘ಬಾಟಲಿ ಇಲ್ಲದಿದ್ದರೆ ಸಾಯುತ್ತಿದ್ದೆ’ ಎಂಬ ತಪ್ಪು ಪಾಠವನ್ನು ರೋಗಿ ಕಲಿಯುತ್ತಾನೆ. ತಾಯತ ಕಲಿಸುವುದೂ ಅದನ್ನೇ. ಇನ್ನು ಉಪದೇಶವೆಂದರೆ, ಈಜು ಬಾರದವನಿಗೆ ಘಟಪ್ರಭೆಯ ದಂಡೆಯ ಮೇಲೆ ನಿಂತು ಈಜಿನ ಮಹತ್ವ ವಿವರಿಸಿದಂತೆ.

ವರ್ತನಾ ಚಿಕಿತ್ಸೆ ನೀರಿಗಿಳಿಸಿ ಕಲಿಸುತ್ತದೆ. ಹೃದಯ, ಥೈರಾಯ್ಡ್ ಮುಂತಾದ ದೋಷವಿಲ್ಲವೆಂದು ವೈದ್ಯರು ಖಚಿತಪಡಿಸಿದ ಮೇಲೆ, ಚಿಕಿತ್ಸಕರು ರೋಗಿಯನ್ನು ಮೆಟ್ಟಿಲು ಹತ್ತಿಸುತ್ತಾರೆ, ಕುರ್ಚಿಯಲ್ಲಿ ಕೂರಿಸಿ ತಿರುಗಿಸುತ್ತಾರೆ, ತೆಳು ಕೊಳವೆಯಿಂದ ಉಸಿರಾಡಿಸುತ್ತಾರೆ. ಎದೆ ಬಡಿದುಕೊಳ್ಳುತ್ತದೆ, ತಲೆ ಸುತ್ತುತ್ತದೆ, ಪ್ರಾಣ ಹೋಗುವುದಿಲ್ಲ. ಅದನ್ನು ದೇಹವೇ ಅರಿಯುತ್ತದೆ. ಬಸ್ಸಿಗೆ ಹೆದರುವವಳು ಮೊದಲು ನಿಲ್ದಾಣದವರೆಗೆ, ಆಮೇಲೆ ಅಣ್ಣನೊಡನೆ ಮುಂದಿನ ಊರಿಗೆ, ಕೊನೆಗೆ ಒಬ್ಬಳೇ ಗೋಕಾಕದಿಂದ ಹುಕ್ಕೇರಿಗೆ. ಮಗ್ಗಿ ಕಲಿಸುವ ಕ್ರಮವೂ ಇದೇ ಅಲ್ಲವೇ?

ಮಾತ್ರೆ ಬೇಡವೆನ್ನುತ್ತಿಲ್ಲ. ಕೆಲವರಿಗೆ ಅದು ಅವಶ್ಯ. ವೈದ್ಯರನ್ನು ಕೇಳದೆ ಬಿಡಲೂಬಾರದು. ಆದರೆ ಅಲ್ಪ್ರಜೋಲಾಮ್‌ನಂತಹ ಗುಳಿಗೆಯನ್ನು ವರ್ಷಗಟ್ಟಲೆ ನುಂಗಿಸಿದರೆ ಹೊಸದೊಂದು ಚಟವನ್ನು ಅಂಟಿಸಿದಂತಾಗುತ್ತದೆ.

‘ಅದೆಲ್ಲ ಬೆಂಗಳೂರಿನವರಿಗೆ’ ಎನ್ನಬೇಡಿ. ಹಳ್ಳಿಯ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟರೆ ಮನೋರೋಗಕ್ಕೆ ಅಲ್ಲಿಯೇ ಚಿಕಿತ್ಸೆ ಸಾಧ್ಯವೆಂದು 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. 2017ರ ಮಾನಸಿಕ ಆರೋಗ್ಯ ಕಾಯಿದೆ ಈ ಚಿಕಿತ್ಸೆಯನ್ನು ಪ್ರತಿಯೊಬ್ಬರ ಹಕ್ಕೆಂದು ಸಾರಿದೆ. ಹೀಗಿರುವಾಗ ನಮ್ಮ ಮೂರು ತಾಲೂಕುಗಳ ಸರಕಾರಿ ಆಸ್ಪತ್ರೆಗಳಲ್ಲಿ ವರ್ತನಾ ಚಿಕಿತ್ಸೆ ಬಲ್ಲವರೊಬ್ಬರು ವಾರಕ್ಕೊಮ್ಮೆಯಾದರೂ ಕುಳಿತುಕೊಳ್ಳಲಿ ಎಂದು ಕೇಳಿದರೆ ಅದು ಭಿಕ್ಷೆ ಬೇಡಿದಂತಾಗದು.

ಸಮುದಾಯ ಭವನಕ್ಕೆ ಅರ್ಜಿ ಬರೆಯುವ ಕೈಗಳು ಇದಕ್ಕೂ ಬರೆಯಲಿ. ಸದ್ಯಕ್ಕೆ, 2022ರಲ್ಲಿ ಆರಂಭವಾದ ಟೆಲಿ ಮನಸ್‌ನ 14416 ಸಂಖ್ಯೆಗೆ ಕರೆ ಮಾಡಿ; ಕನ್ನಡದಲ್ಲಿಯೇ ಉಚಿತ ಸಲಹೆ ದೊರೆಯುತ್ತದೆ. ಗಾಬರಿಗೊಂಡವರನ್ನು ಪುಕ್ಕಲರೆಂದು ನಗುವುದನ್ನಂತೂ ಇಂದೇ ನಿಲ್ಲಿಸಬಹುದು. ಅದಕ್ಕೆ ಯಾವ ಸರಕಾರದ ಮಂಜೂರಾತಿಯೂ ಬೇಕಿಲ್ಲ.