ಕಟ್ಟಿಸಿದ ಹಲ್ಲಿಗೂ ಒಂದು ಚೀಟಿ ಕೊಡಿಸಿ

ರಾಜ್ಯದಲ್ಲಿ ದಂತವೈದ್ಯರ, ಡೆಂಟಲ್ ಮೆಕ್ಯಾನಿಕ್‌ಗಳ ನೋಂದಣಿ ನೋಡಿಕೊಳ್ಳುವ ಮಾನ್ಯರಿಗೆ ನಮಸ್ಕಾರ.

ನಾನು ಡೆಂಟಲ್ ಲ್ಯಾಬಿನಲ್ಲಿ ದುಡಿಯುವವನು. ನಮ್ಮ ಮೇಜಿಗೆ ರಿಪೇರಿಗೆ ಬರುವ ಲೋಹದ ಹಲ್ಲುಸೆಟ್ಟುಗಳಲ್ಲಿ ಮುರಿದವಕ್ಕಿಂತ ಬಿಟ್ಟುಕೊಂಡವೇ ಹೆಚ್ಚು. ಹಲ್ಲು ಸರಿಯಿರುತ್ತದೆ, ಕೋಬಾಲ್ಟ್-ಕ್ರೋಮಿಯಂ ಫ್ರೇಮೂ ಗಟ್ಟಿಯಾಗಿರುತ್ತದೆ. ಗುಲಾಬಿ ಬಣ್ಣದ ಅಕ್ರಿಲಿಕ್ ಮಾತ್ರ ಲೋಹದ ಅಂಚಿನಲ್ಲಿ ಎದ್ದಿರುತ್ತದೆ. ಎಲೆಯಡಿಕೆ ಹಾಕುವವರದಾದರೆ ಆ ಸಂದಿನಲ್ಲಿ ಕಪ್ಪು ಗೆರೆ, ಜೊತೆಗೆ ವಾಸನೆ. ಕ್ಲಿನಿಕ್ಕಿನಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: "ಏನೋ ಗಟ್ಟಿ ಕಚ್ಚಿದೀರಿ ಅಜ್ಜ." ಚಕ್ಕುಲಿಯ ಮೇಲೆ ಇಷ್ಟು ಸುಳ್ಳು ಕೇಸು ಬೇರೆ ಯಾರೂ ಹಾಕಿರಲಿಕ್ಕಿಲ್ಲ.

ಅಕ್ರಿಲಿಕ್ ತಾನಾಗಿ ಲೋಹಕ್ಕೆ ಅಂಟುವ ವಸ್ತುವಲ್ಲ. ಫ್ರೇಮಿನ ಜಾಲರಿಯೊಳಗೆ ಇಳಿದು ಸಿಕ್ಕಿಹಾಕಿಕೊಂಡಿರುತ್ತದೆ, ಅಷ್ಟೇ. ಫ್ಲಾಸ್ಕ್ ಎಂಬ ಅಚ್ಚಿನ ಪೆಟ್ಟಿಗೆಯಲ್ಲಿ ಬೆಂದು ಗಟ್ಟಿಯಾಗುವಾಗಲೇ ಒಂದಿಷ್ಟು ಕುಗ್ಗುತ್ತದೆ. ಬಾಯಿಗೆ ಹೋದ ಮೇಲೆ ನೀರು ಹೀರುತ್ತದೆ. ಶಾಖಕ್ಕೆ ಕೋಬಾಲ್ಟ್-ಕ್ರೋಮಿಯಂಗಿಂತ ಐದಾರು ಪಟ್ಟು ಹೆಚ್ಚು ಹಿಗ್ಗುತ್ತದೆ. ಬಿಸಿ ಕಾಫಿ, ಹಿಂದೆಯೇ ತಣ್ಣೀರು. ದಿನವೂ ಇದೇ ನಡೆದರೆ ಅಂಚು ಬಿಡದೆ ಇರುತ್ತದೆಯೇ? ಬಿಟ್ಟಲ್ಲಿ ಜೊಲ್ಲು ಇಳಿಯುತ್ತದೆ, ಕ್ಯಾಂಡಿಡಾ ಶಿಲೀಂಧ್ರ ಮನೆಮಾಡುತ್ತದೆ.

ಇದಕ್ಕೆ ಮದ್ದಿಲ್ಲವೆಂದಲ್ಲ. ಲೋಹಕ್ಕೂ ಅಕ್ರಿಲಿಕ್‌ಗೂ ಬೆಸುಗೆ ಹಾಕುವ 4-ಮೆಟಾ ಎಂಬ ರಾಸಾಯನಿಕ ಜಪಾನಿನಲ್ಲಿ 1970ರ ದಶಕದಲ್ಲೇ ಬಂತು, ಎಂಡಿಪಿ ಎಂಬ ಇನ್ನೊಂದು ಅದರ ಮುಂದಿನ ದಶಕದಲ್ಲಿ. ಲೋಹವನ್ನು 50 ಮೈಕ್ರಾನಿನ ಅಲ್ಯೂಮಿನಾ ಪುಡಿಯಿಂದ ಸ್ಯಾಂಡ್‌ಬ್ಲಾಸ್ಟ್ ಮಾಡಿ, ಬೆರಳು ತಾಗಿಸದೆ, ಕೂಡಲೇ ಇಂಥ ರಾಸಾಯನಿಕವಿರುವ ಪ್ರೈಮರ್ (ಮೊದಲ ಲೇಪ) ಹಚ್ಚಿದರೆ ಅದರ ಅಣುವಿನ ಒಂದು ತುದಿ ಕ್ರೋಮಿಯಂ ಆಕ್ಸೈಡನ್ನು ಹಿಡಿಯುತ್ತದೆ, ಇನ್ನೊಂದು ಅಕ್ರಿಲಿಕ್‌ನೊಂದಿಗೆ ಬೆಸೆಯುತ್ತದೆ. ಕೆಲವೇ ನಿಮಿಷದ ಕೆಲಸ, ಬೇಕಾದದ್ದು ಕೆಲವು ಹನಿ. ಆದರೆ ಬಾಟಲಿ ದುಬಾರಿ. ಕ್ಲಿನಿಕ್ಕುಗಳು ರೇಟು ಇಳಿಸಿ ಅಂದಾಗ ಲ್ಯಾಬುಗಳಲ್ಲಿ ಮೊದಲು ಬಿಟ್ಟುಹೋಗುವುದು ಕಣ್ಣಿಗೆ ಕಾಣದ ಈ ಹಂತವೇ. ಸೆಟ್ಟು ಕೈಗೆ ಬಂದ ದಿನ ಪ್ರೈಮರ್ ಹಚ್ಚಿದ್ದೂ ಹಚ್ಚದ್ದೂ ಒಂದೇ ಥರ ಹೊಳೆಯುತ್ತವೆ.

ಇನ್ನೊಂದು ತೊಡಕು, ಲೋಹ ಯಾವುದೆಂಬುದು. ಚಿನ್ನದ ಮಿಶ್ರಲೋಹದ ಮೇಲೆ ಕ್ರೋಮಿಯಂನಂಥ ಆಕ್ಸೈಡ್ ಪದರ ಇರುವುದಿಲ್ಲ. ಅದಕ್ಕೆ ಗಂಧಕವಿರುವ ಬೇರೆ ಪ್ರೈಮರೇ ಬೇಕು. ಕ್ಲಿನಿಕ್ಕಿನಿಂದ ನಮಗೆ ಬರುವ ಚೀಟಿಯಲ್ಲಿ ಬರೆದಿರುವುದು ಬರೀ "ಮೆಟಲ್". ಫ್ರೇಮಿನ ಎರಕ ಒಂದು ಊರಲ್ಲಿ, ಹಲ್ಲು ಜೋಡಿಸುವುದು ಇನ್ನೊಂದು ಊರಲ್ಲಿ ಆಗಿದ್ದರೆ ಕೇಳುವುದಾದರೂ ಯಾರನ್ನು? ರೋಗಿಯನ್ನು ಕೇಳಿದರೆ "ಸ್ಟೀಲು" ಅನ್ನುತ್ತಾರೆ. ನಿಕ್ಕಲ್ ಅಲರ್ಜಿ ಇದ್ದವರ ಬಾಯಲ್ಲಿ ನಿಕ್ಕಲ್-ಕ್ರೋಮಿಯಂ ಕೂತಿದ್ದರೂ ತಿಳಿಯುವ ದಾರಿಯಿಲ್ಲ. ಮಿಕ್ಸಿ ಕೊಂಡರೆ ವಾರಂಟಿ ಕಾರ್ಡು ಬರುತ್ತದೆ. ಸಾವಿರಾರು ರೂಪಾಯಿ ಕೊಟ್ಟು ಬಾಯೊಳಗೆ ಇಟ್ಟುಕೊಳ್ಳುವ ವಸ್ತುವಿಗೆ ಎಷ್ಟೋ ಕಡೆ ಬಿಲ್ಲೂ ಸಿಗುವುದಿಲ್ಲ.

ಯುರೋಪಿನಲ್ಲಿ 2017ರ ವೈದ್ಯಕೀಯ ಸಾಧನಗಳ ನಿಯಮದ ಪ್ರಕಾರ, ಒಬ್ಬರಿಗೆಂದೇ ಮಾಡಿದ ಇಂಥ ಸಾಧನದ ಜೊತೆ ತಯಾರಕರ ಹೇಳಿಕೆ ಬರಬೇಕು, ಅದು ರೋಗಿಗೂ ಸಿಗಬೇಕು. ನಮ್ಮಲ್ಲೂ 1948ರ ದಂತವೈದ್ಯರ ಕಾಯಿದೆ ಡೆಂಟಲ್ ಮೆಕ್ಯಾನಿಕ್‌ಗಳನ್ನು ಗುರುತಿಸಿ ನೋಂದಣಿಗೆ ದಾರಿ ಮಾಡಿತ್ತು. ಆ ನೋಂದಣಿ ಸಂಖ್ಯೆ ರೋಗಿಯ ಕೈ ಸೇರಿದ್ದನ್ನು ನಾನಂತೂ ಕಂಡಿಲ್ಲ.

ಆದ್ದರಿಂದ ಪ್ರತಿ ಲೋಹದ ಸೆಟ್ಟಿನ ಜೊತೆ ರೋಗಿಗೆ ಕನ್ನಡದಲ್ಲಿ ಒಂದು ಚೀಟಿ ಕಡ್ಡಾಯ ಮಾಡಿ. ಲೋಹದ ಹೆಸರು, ಸ್ಯಾಂಡ್‌ಬ್ಲಾಸ್ಟ್ ಆಗಿದೆಯೇ, ಹಚ್ಚಿದ ಪ್ರೈಮರ್ ಯಾವುದು, ಲ್ಯಾಬ್ ಯಾವುದು, ಕೆಲಸ ಮಾಡಿದವರ ನೋಂದಣಿ ಸಂಖ್ಯೆ ಏನು, ಇಷ್ಟು ಅದರಲ್ಲಿರಲಿ. ಸುಳ್ಳು ಬರೆದರೆ ಲ್ಯಾಬೂ ಕ್ಲಿನಿಕ್ಕೂ ಎರಡೂ ಉತ್ತರ ಕೊಡಬೇಕು. ನಮೂನೆ ಬೇಕಿದ್ದರೆ ಬರೆದು ಕಳಿಸುತ್ತೇನೆ, ಅರ್ಧ ಹಾಳೆ ಸಾಕು.

ಇಂತಿ,
ಒಬ್ಬ ಡೆಂಟಲ್ ಟೆಕ್ನೀಷಿಯನ್, ದಾವಣಗೆರೆ